ವೇಲ್ಸ್‌ಗೆ ಹೊರಟವರಿಗೆ: ಕೋಟೆ, ಗುಡ್ಡ ಮತ್ತು ರಾತ್ರಿ ತಂಗುವ ಊರು

ಬ್ರಿಟನ್ನಿಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ಲಂಡನ್ ಇರುತ್ತದೆ, ಎಡಿನ್‌ಬರಾ ಇರುತ್ತದೆ, ಮಗನೋ ಮಗಳೋ ಕೆಲಸ ಮಾಡುವ ಊರು ಇರುತ್ತದೆ. ವೇಲ್ಸ್ ಮಾತ್ರ ಬಿಟ್ಟು ಹೋಗಿರುತ್ತದೆ. ಪುಟ್ಟ ದೇಶ ಅದು. ಕರ್ನಾಟಕದೊಳಗೆ ಒಂಬತ್ತು ವೇಲ್ಸ್ ಹಿಡಿಸುತ್ತವೆ. ಅಷ್ಟರಲ್ಲೇ ಮೂರು ರಾಷ್ಟ್ರೀಯ ಉದ್ಯಾನಗಳಿವೆ. ಮಣ್ಣಿನ ದಿಬ್ಬವಾಗಿ ಉಳಿದವನ್ನೂ ಲೆಕ್ಕ ಹಿಡಿದರೆ 600ಕ್ಕೂ ಜಾಸ್ತಿ ಕೋಟೆಗಳಿವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಸಲಹೆಯೆಲ್ಲ ಅದರ ಮೇಲೇ ನಿಂತಿದೆ. ವೇಲ್ಸ್‌ನಲ್ಲಿ ‘ಸೋಮವಾರ ಬೆಟ್ಟ, ಮಂಗಳವಾರ ಕೋಟೆ’ ಅಂತ ಪಟ್ಟಿ ಹಾಕಬೇಡಿ. ತಂಗುವ ಊರನ್ನು ಗಟ್ಟಿ ಮಾಡಿಕೊಳ್ಳಿ, ದಿನಗಳನ್ನು ಸಡಿಲ ಬಿಡಿ. ಬೆಳಿಗ್ಗೆ ಮುಗಿಲು ನೋಡಿ. ತಿಳಿಯಾಗಿದ್ದರೆ ಗುಡ್ಡ, ಸುರಿಯುತ್ತಿದ್ದರೆ ಕೋಟೆ. ಎರಡೂ ಒಂದೇ ಬಸ್ಸಿನ ದಾರಿಯಲ್ಲಿ ಸಿಗುವಷ್ಟು ಹತ್ತಿರ ಇರುವುದರಿಂದಲೇ ಇದು ಸಾಧ್ಯ.

ವೀಸಾ ಮತ್ತು ಕಾಲ

ವೇಲ್ಸ್‌ಗೆ ಬೇರೆ ವೀಸಾ ಇಲ್ಲ, ಯುಕೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು. ಯುರೋಪಿನ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಅರ್ಜಿಯನ್ನು ಬ್ರಿಟಿಷ್ ಸರ್ಕಾರದ ವೆಬ್‌ಸೈಟಿನಲ್ಲೇ ತುಂಬಬೇಕು. ಬೆರಳಚ್ಚು ಮತ್ತು ಫೋಟೋ ಕೊಡಲು ಬೆಂಗಳೂರಿನಲ್ಲೇ ಕೇಂದ್ರವಿದೆ. ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ಬೇಸಿಗೆ ರಜೆಯ ಹೊತ್ತಿಗೆ ಸಾಲು ಉದ್ದವಾಗುತ್ತದೆ, ಎರಡು ತಿಂಗಳ ಮೊದಲೇ ಶುರು ಮಾಡಿದರೆ ನೆಮ್ಮದಿ. ವೀಸಾ ಕೈಗೆ ಬರುವವರೆಗೆ ಹಣ ವಾಪಸ್ ಸಿಗದಂಥ ರೂಮು ಬುಕ್ ಮಾಡಬೇಡಿ. ನೆಂಟರ ಮನೆಯಲ್ಲಿ ಕೆಲವು ದಿನ ಇರುವವರು ಅವರಿಂದ ಆಹ್ವಾನ ಪತ್ರ ತರಿಸಿಕೊಳ್ಳಿ.

ಕಾಲ ಅಂದರೆ ಮೇ, ಜೂನ್ ಅಥವಾ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕು. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಅಲ್ಲಿನ ಶಾಲೆಗಳಿಗೆ ರಜೆ, ರೂಮಿನ ಬೆಲೆಯೂ ಜನರೂ ಎರಡೂ ಏರುತ್ತವೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಗುಡ್ಡದ ರೈಲು ನಿಂತಿರುತ್ತದೆ, ಕೋಟೆಗಳೂ ಬೇಗ ಬಾಗಿಲು ಹಾಕುತ್ತವೆ. ಕ್ರಿಸ್‌ಮಸ್ ರಜೆಗೆ ಮಗಳ ಮನೆಗೆ ಹೋದವರು ವೇಲ್ಸ್ ಅಂದರೆ ರಾಜಧಾನಿ ಕಾರ್ಡಿಫ್ ಅಷ್ಟೇ ಅಂದುಕೊಂಡು ವಾಪಸ್ ಬರುವುದು ಇದಕ್ಕೇ.

ಬಂಡೀಪುರದ ಲೆಕ್ಕ ಬಿಟ್ಟುಬಿಡಿ

ರಾಷ್ಟ್ರೀಯ ಉದ್ಯಾನ ಅಂದ ಕೂಡಲೇ ನಮಗೆ ಬಂಡೀಪುರ, ನಾಗರಹೊಳೆ ನೆನಪಾಗುತ್ತವೆ. ಗೇಟು, ಟಿಕೆಟ್ಟು, ಜೀಪು, ಸಂಜೆಯೊಳಗೆ ಹೊರಗೆ. ವೇಲ್ಸ್‌ನಲ್ಲಿ ಇದ್ಯಾವುದೂ ಇಲ್ಲ. ಉದ್ಯಾನದ ಒಳಗೇ ಊರುಗಳಿವೆ, ಶಾಲೆಗಳಿವೆ, ಅಂಚೆ ಕಚೇರಿ ಇದೆ, ಕುರಿ ಸಾಕುವ ಹೊಲಗಳಿವೆ. ಪ್ರವೇಶ ಶುಲ್ಕ ಇಲ್ಲ. ಕಾರು ನಿಲ್ಲಿಸಲು ಮಾತ್ರ ದುಡ್ಡು.

ಹಾಗಂತ ಎಲ್ಲೆಂದರಲ್ಲಿ ನುಗ್ಗುವಂತಿಲ್ಲ. ಜಾಗ ಬಹುಪಾಲು ಯಾರದೋ ಖಾಸಗಿ ಹೊಲ. ನಡುವೆ ಹಾದುಹೋಗುವ ಸಾರ್ವಜನಿಕ ಕಾಲುದಾರಿಗಳ ಮೇಲೆ ನಡೆಯುವ ಹಕ್ಕು ಎಲ್ಲರಿಗೂ ಇದೆ. ದಾರಿಯಲ್ಲಿ ಮರದ ಗೇಟು ಸಿಗುತ್ತದೆ. ತೆರೆದು ದಾಟಿದ ಮೇಲೆ ಮುಚ್ಚಿ, ಕೊಂಡಿ ಬಿದ್ದಿತಾ ಅಂತ ಕೈಯಲ್ಲಿ ಒಮ್ಮೆ ಅಲ್ಲಾಡಿಸಿ ನೋಡಿ. ಕುರಿ ರಸ್ತೆಗೆ ಬಂದರೆ ರೈತನಿಗೆ ಅರ್ಧ ದಿನದ ಕೆಲಸ ಕೆಡುತ್ತದೆ. ಇನ್ನು ಟೆಂಟು. ಸ್ಕಾಟ್‌ಲೆಂಡಿನಲ್ಲಿ ಬಯಲಲ್ಲಿ ಟೆಂಟು ಹಾಕಲು ಹಕ್ಕಿದೆ, ವೇಲ್ಸ್‌ನಲ್ಲಿ ಜಮೀನಿನ ಯಜಮಾನನ ಒಪ್ಪಿಗೆ ಬೇಕು. ಯೂಟ್ಯೂಬ್ ನೋಡಿ ಮೋಸ ಹೋಗಬೇಡಿ.

ಮೂರು ಉದ್ಯಾನಗಳಲ್ಲಿ ಮೊದಲನೆಯದು ಉತ್ತರದ ಎರರಿ, 1951ರಲ್ಲಿ ಆದದ್ದು. ನಮ್ಮ ಭೂಗೋಳ ಪಾಠದಲ್ಲಿ ಸ್ನೋಡೋನಿಯಾ ಅಂತ ಓದಿದ್ದು ಇದನ್ನೇ. ಎರಡನೆಯದು ಪಶ್ಚಿಮದ ಪೆಂಬ್ರೋಕ್‌ಶೈರ್ ಕರಾವಳಿ, 1952. ಮೂರನೆಯದು ದಕ್ಷಿಣದ ಬನ್ನೈ ಬ್ರಖೈನಿಯೋಗ್, 1957. ಇದರ ಹಳೆಯ ಹೆಸರು ಬ್ರೆಕನ್ ಬೀಕನ್ಸ್. ಈಚಿನ ವರ್ಷಗಳಲ್ಲಿ ಉತ್ತರ ಮತ್ತು ದಕ್ಷಿಣದ ಉದ್ಯಾನಗಳು ಅಲ್ಲಿನ ವೆಲ್ಷ್ ಭಾಷೆಯ ಹೆಸರನ್ನೇ ಮುಂದಿಟ್ಟಿವೆ. ರೂಮು ಹುಡುಕುವಾಗ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಹಾಕಿ ಹುಡುಕಿ. ಬೇರೆ ಬೇರೆ ಮನೆಗಳು ಸಿಗುತ್ತವೆ.

ದಾರಿ: ಉತ್ತರದಿಂದ ಇಳಿಯುತ್ತಾ ಬನ್ನಿ

ಹತ್ತು ದಿನ ಇದ್ದರೆ ನಾನು ಹೇಳುವ ದಾರಿ ಹೀಗೆ. ಲಂಡನ್ ಯೂಸ್ಟನ್‌ನಿಂದ ರೈಲಿನಲ್ಲಿ ಉತ್ತರ ವೇಲ್ಸ್‌ಗೆ. ಅಲ್ಲಿ ನಾಲ್ಕೈದು ರಾತ್ರಿ. ಆಮೇಲೆ ಸಮುದ್ರದ ಪಕ್ಕದ ರೈಲಿನಲ್ಲಿ ಹಾರ್ಲೆಕ್, ಒಂದು ರಾತ್ರಿ. ಅಲ್ಲಿಂದ ವೆಲ್ಷ್‌ಪೂಲ್, ಇನ್ನೊಂದು ರಾತ್ರಿ. ಕೊನೆಗೆ ದಕ್ಷಿಣಕ್ಕೆ ಇಳಿದು ಅಬರ್ಗವೆನಿ ಅಥವಾ ಬ್ರೆಕನ್, ಕಾರ್ಡಿಫ್, ವಾಪಸ್ ಲಂಡನ್ ಪ್ಯಾಡಿಂಗ್ಟನ್. ಇದರಲ್ಲಿ ಕಾರು ಬೇಕೇಬೇಕು ಅನ್ನುವ ಜಾಗ ಒಂದೂ ಇಲ್ಲ. ಪೆಂಬ್ರೋಕ್‌ಶೈರ್ ಬೇಕಿದ್ದರೆ ಇನ್ನೂ ಮೂರು ದಿನ ಸೇರಿಸಿ.

ಭೂಪಟ ನೋಡಿದವರು ಉತ್ತರದಿಂದ ದಕ್ಷಿಣಕ್ಕೆ ವೇಲ್ಸ್ ಒಳಗೇ ನೇರ ರೈಲು ಇರಬೇಕು ಅಂದುಕೊಳ್ಳುತ್ತಾರೆ. ಇಲ್ಲ. ರೈಲು ಇಂಗ್ಲೆಂಡಿನ ಶ್ರೂಸ್‌ಬರಿ ಮೇಲೆ ಬಳಸಿಕೊಂಡು ಬರುತ್ತದೆ, ನಾಲ್ಕು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ನಡುವೆ ನಿಂತು ಬನ್ನಿ ಅನ್ನುವುದು ಅದಕ್ಕೇ.

ದೂರದ ರೈಲಿನ ಟಿಕೆಟ್ಟನ್ನು ವಾರಗಳ ಮುಂಚೆ ‘ಅಡ್ವಾನ್ಸ್’ ದರದಲ್ಲಿ ತೆಗೆದರೆ ಅರ್ಧಕ್ಕರ್ಧ ಉಳಿಯುವುದೂ ಉಂಟು. ಇಬ್ಬರೇ ಹೋಗುವುದಾದರೆ ಟೂ ಟುಗೆದರ್ ರೈಲ್‌ಕಾರ್ಡ್, ಅರವತ್ತು ದಾಟಿದ ಅಪ್ಪ ಅಮ್ಮನಿಗೆ ಸೀನಿಯರ್ ರೈಲ್‌ಕಾರ್ಡ್. ಹೆಚ್ಚಿನ ಟಿಕೆಟ್ಟುಗಳಲ್ಲಿ ಮೂರನೇ ಒಂದು ಭಾಗ ಕಡಿತ. ಪ್ರವಾಸಿಗರೂ ಕೊಳ್ಳಬಹುದು. ಇದು ಗೊತ್ತಿಲ್ಲದೆ ಸುಮ್ನೆ ಪೂರ್ತಿ ದುಡ್ಡು ಕೊಡುವವರೇ ಜಾಸ್ತಿ.

ಕಾರು ಓಡಿಸುವವರಿಗೆ: ಭಾರತದ ಲೈಸೆನ್ಸ್‌ನಲ್ಲಿ ಒಂದು ವರ್ಷದವರೆಗೆ ಓಡಿಸಬಹುದು, ರಸ್ತೆಯ ಎಡಗಡೆಯೇ. ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ 2023ರ ಸೆಪ್ಟೆಂಬರ್‌ನಿಂದ ವೇಗದ ಮಿತಿ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್. ಕ್ಯಾಮೆರಾ ಸುಮ್ಮನೆ ಬಿಡುವುದಿಲ್ಲ. ಹಳ್ಳಿಯ ರಸ್ತೆ ಒಂದೇ ಕಾರಿನಷ್ಟು ಅಗಲ, ಎರಡೂ ಬದಿ ಎತ್ತರದ ಬೇಲಿ. ಎದುರು ಗಾಡಿ ಬಂದರೆ ಹತ್ತಿರದ ಅಗಲ ಜಾಗದವರೆಗೆ ಯಾರಾದರೊಬ್ಬರು ಹಿಂದಕ್ಕೆ ಹೋಗಬೇಕು. ದಾರಿ ಬಿಟ್ಟವರಿಗೆ ಕೈ ಎತ್ತಿ ಥ್ಯಾಂಕ್ಸ್ ಹೇಳುವುದು ಅಲ್ಲಿನ ರೂಢಿ. ಹಾರ್ನ್ ಮುಟ್ಟಬೇಡಿ.

ಕಾನ್ವಿ: ಉತ್ತರದ ಮೊದಲ ಠಾಣೆ

ಲಂಡನ್‌ನಿಂದ ಲಾಂಡಡ್ನೋ ಜಂಕ್ಷನ್‌ಗೆ ಸುಮಾರು ಮೂರು ಗಂಟೆ. ಅಲ್ಲಿಂದ ಕಾನ್ವಿ ಒಂದೇ ನಿಲ್ದಾಣ. ಅಲ್ಲಿ ರೈಲು ಕೇಳಿದರೆ ಮಾತ್ರ ನಿಲ್ಲುತ್ತದೆ. ಇಳಿಯಬೇಕಿದ್ದರೆ ಕಂಡಕ್ಟರ್‌ಗೆ ಮೊದಲೇ ಹೇಳಬೇಕು, ಹತ್ತಬೇಕಿದ್ದರೆ ಪ್ಲಾಟ್‌ಫಾರಂನಲ್ಲಿ ನಿಂತು ಕೈ ಅಡ್ಡ ಹಾಕಬೇಕು, ನಮ್ಮ ಕೆಂಪು ಬಸ್ಸಿಗೆ ಹಾಕಿದ ಹಾಗೆ. ಸಾಮಾನು ಕಡಿಮೆ ಇದ್ದರೆ ಜಂಕ್ಷನ್‌ನಿಂದ ನಡೆದೇ ಬನ್ನಿ. ನದಿಯ ಮೇಲಿನ ಸೇತುವೆ ದಾಟುವಾಗ ಎಂಟು ಬುರುಜಿನ ಕೋಟೆ ನೇರ ಎದುರಿಗೆ ಬರುತ್ತದೆ.

ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ವೇಲ್ಸ್‌ನ ರಾಜರನ್ನು ಸೋಲಿಸಿದ ಮೇಲೆ 1283ರಲ್ಲಿ ಈ ಕೋಟೆಗೆ ಕೈ ಹಾಕಿದ. ನಾಲ್ಕೇ ವರ್ಷದಲ್ಲಿ ಕೋಟೆ, ಊರ ಸುತ್ತಿನ ಗೋಡೆ ಎರಡೂ ಎದ್ದವು. ಕಟ್ಟಡದ ಉಸ್ತುವಾರಿ ಸವಾಯ್ ಪ್ರಾಂತದಿಂದ ಕರೆಸಿದ ಜೇಮ್ಸ್ ಆಫ್ ಸೇಂಟ್ ಜಾರ್ಜ್ ಅನ್ನುವ ಮೇಸ್ತ್ರಿಯದು. ಕಾನ್ವಿ, ಕಾರ್ನಾರ್ವನ್, ಹಾರ್ಲೆಕ್, ಬ್ಯೂಮಾರಿಸ್ ನಾಲ್ಕೂ ಸೇರಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು.

ಕೋಟೆಯ ಸುರುಳಿ ಮೆಟ್ಟಿಲು ಹತ್ತುವಾಗ ಎಚ್ಚರ. ಮೆಟ್ಟಿಲ ಒಳ ತುದಿ ಕಾಲಿನ ಅರ್ಧ ಪಾದಕ್ಕೂ ಸಾಲದು, ಹೊರ ತುದಿ ಏಳುನೂರು ವರ್ಷದ ಕಾಲ್ತುಳಿತಕ್ಕೆ ಸವೆದು ತಗ್ಗಾಗಿದೆ. ಮಳೆ ಬಂದ ದಿನ ಆ ತಗ್ಗಿನಲ್ಲಿ ನೀರು ನಿಂತಿರುತ್ತದೆ. ಮೇಲಿನಿಂದ ಯಾರಾದರೂ ಇಳಿದು ಬರುತ್ತಿದ್ದರೆ ಗೋಡೆಯ ಕಂಡಿಯಲ್ಲಿ ಸರಿದು ನಿಲ್ಲಬೇಕು. ಮೊಣಕಾಲು ನೋವಿರುವವರು ಕೆಳಗಿನ ಅಂಗಳದಲ್ಲೇ ಕೂತರೂ ನಷ್ಟವಿಲ್ಲ.

ಊರ ಗೋಡೆಯ ಮೇಲೆ ನಡೆಯಲು ಟಿಕೆಟ್ಟಿಲ್ಲ. 1.3 ಕಿಲೋಮೀಟರ್ ಉದ್ದ, 21 ಬುರುಜು. ದಕ್ಷಿಣ ಭಾಗದಲ್ಲಿ ಗೋಡೆಯಿಂದ ಹೊರಚಾಚಿದ ಹನ್ನೆರಡು ಕಲ್ಲಿನ ಗೂಡುಗಳು ಸಾಲಾಗಿ ಕಾಣುತ್ತವೆ. ಅವು ಶೌಚಾಲಯಗಳು. ದೊರೆಯ ಗುಮಾಸ್ತರಿಗೆ, ಸಿಬ್ಬಂದಿಗೆ ಅಂತ ಮಾಡಿದ್ದು. ಮಕ್ಕಳನ್ನು ಕರೆದುಕೊಂಡು ಹೋದರೆ ಇಡೀ ಕಾನ್ವಿಯಲ್ಲಿ ಅವರಿಗೆ ನೆನಪಿರುವುದು ಇದೊಂದೇ.

ಟಿಕೆಟ್ಟಿನ ಮಾತು ಇಲ್ಲೇ ಮುಗಿಸುತ್ತೇನೆ. ವೇಲ್ಸ್ ಸರ್ಕಾರದ ಪರವಾಗಿ ಹೆಚ್ಚಿನ ಕೋಟೆಗಳನ್ನು ನೋಡಿಕೊಳ್ಳುವುದು ಕಾಡೂ ಅನ್ನುವ ಸಂಸ್ಥೆ. ಮೂರು ಕೋಟೆಗಿಂತ ಜಾಸ್ತಿ ನೋಡುವುದಾದರೆ ಅವರ ಎಕ್ಸ್‌ಪ್ಲೋರರ್ ಪಾಸ್ ಲಾಭ. ಆದರೆ ಕಾರ್ಡಿಫ್ ಕೋಟೆ, ಪೆಂಬ್ರೋಕ್ ಕೋಟೆ, ಪೋವಿಸ್ ಕೋಟೆ ಮೂರೂ ಬೇರೆಯವರ ಕೈಯಲ್ಲಿವೆ, ಅಲ್ಲಿ ಈ ಪಾಸ್ ನಡೆಯುವುದಿಲ್ಲ.

ವಯಸ್ಸಾದವರಿದ್ದರೆ ಕಾರ್ನಾರ್ವನ್

ಕಾನ್ವಿಯಿಂದ ಬ್ಯಾಂಗರ್ ಮೇಲೆ ಬಸ್ಸಿನಲ್ಲಿ ಕಾರ್ನಾರ್ವನ್‌ಗೆ ಹೋಗಬಹುದು. ಬಣ್ಣಬಣ್ಣದ ಕಲ್ಲಿನ ಪಟ್ಟಿ ಹಾಕಿದ ಗೋಡೆ, ದುಂಡಗಲ್ಲದ ಬಹುಕೋನದ ಬುರುಜು. ಈಗಿನ ದೊರೆ ಚಾರ್ಲ್ಸ್‌ಗೆ 1969ರಲ್ಲಿ ವೇಲ್ಸ್ ರಾಜಕುಮಾರನ ಪಟ್ಟ ಕಟ್ಟಿದ್ದು ಇಲ್ಲೇ. ನಮಗೆ ಮುಖ್ಯವಾದ ಸಂಗತಿ ಬೇರೆ: 2023ರಲ್ಲಿ ಇಲ್ಲಿನ ಕಿಂಗ್ಸ್ ಗೇಟ್‌ಗೆ ಲಿಫ್ಟ್ ಹಾಕಿದ್ದಾರೆ. ಮೆಟ್ಟಿಲು ಹತ್ತಲಾಗದ ಅಪ್ಪ ಅಮ್ಮನೂ ಮೇಲಿನ ಕಟ್ಟೆಗೆ ಹೋಗಿ ಸಮುದ್ರ ನೋಡಬಹುದು. ಒಂದೇ ಕೋಟೆ ನೋಡಲು ಸಾಧ್ಯ ಅನ್ನುವ ಹಿರಿಯರಿಗೆ ನಾನು ಕಾನ್ವಿ ಬಿಟ್ಟು ಇದನ್ನೇ ಹೇಳುತ್ತೇನೆ.

ಬ್ಯೂಮಾರಿಸ್ ಆಂಗ್ಲಸಿ ದ್ವೀಪದಲ್ಲಿದೆ. 1295ರಲ್ಲಿ ಶುರುವಾಗಿ, ಸ್ಕಾಟ್‌ಲೆಂಡಿನ ಯುದ್ಧಕ್ಕೆ ದುಡ್ಡು ಹರಿದುಹೋಗಿ, ಅರ್ಧಕ್ಕೆ ನಿಂತಿತು. ಸುತ್ತ ನೀರಿನ ಕಂದಕ, ಎಲ್ಲ ಬದಿಯೂ ಅಳೆದಿಟ್ಟಂತೆ ಸಮ. ಸಮಯವಿದ್ದರೆ ನೋಡಿ.

ಅರ್ ವಿದ್ವಾ: ಎತ್ತರ ಕಡಿಮೆ, ಗೌರವ ಜಾಸ್ತಿ ಕೊಡಿ

ಸ್ನೋಡನ್ ಅಂತ ಕೇಳಿರುವ ಶಿಖರದ ವೆಲ್ಷ್ ಹೆಸರು ಅರ್ ವಿದ್ವಾ. ಎತ್ತರ 1,085 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎಂಟುನೂರು ಮೀಟರಿಗೂ ಮಿಕ್ಕಿ ಎತ್ತರ. ಅದಕ್ಕೇ ನಮ್ಮವರು ಜೀನ್ಸ್ ಹಾಕಿಕೊಂಡು, ಒಂದು ಬಾಟಲಿ ನೀರು ಹಿಡಿದು ಹೊರಟುಬಿಡುತ್ತಾರೆ. ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೆ ಕಾರು ಹೋಗುತ್ತದೆ. ಇಲ್ಲಿ ಲಾನ್‌ಬೆರಿಸ್ ಊರಿನಿಂದ ಹೊರಟರೆ ಸುಮಾರು ಸಾವಿರ ಮೀಟರನ್ನು ನಿಮ್ಮ ಕಾಲೇ ಹತ್ತಬೇಕು. ಪಕ್ಕದ ಕ್ರಿಬ್ ಗಾಕ್ ಏಣು ಬ್ರಿಟನ್ನಿನಲ್ಲೇ ಅತಿ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಒಂದು, ವರ್ಷಕ್ಕೆ 4,000 ಮಿಲಿಮೀಟರಿಗೂ ಮೇಲೆ. ಆಗುಂಬೆ ಕಂಡವರಿಗೆ ಇದು ದೊಡ್ಡ ಲೆಕ್ಕ ಅನ್ನಿಸದು. ಆದರೆ ಆಗುಂಬೆಯ ಮಳೆ ಬೆಚ್ಚಗೆ, ಮೇಲಿನಿಂದ ಕೆಳಗೆ. ಇಲ್ಲಿಯದು ತಣ್ಣಗೆ, ಅಡ್ಡಡ್ಡ. ಜೀನ್ಸ್ ಒಮ್ಮೆ ನೆನೆದರೆ ಇಳಿಯುವವರೆಗೂ ಒಣಗುವುದಿಲ್ಲ.

ಮೇಲೆ ಹೋಗಲು ಆರು ಮುಖ್ಯ ದಾರಿಗಳಿವೆ. ಮೊದಲ ಸಲ ಹೋಗುವವರಿಗೆ ಲಾನ್‌ಬೆರಿಸ್ ದಾರಿ. ಹೋಗಿ ಬರಲು 14.5 ಕಿಲೋಮೀಟರ್, ಆರು ಏಳು ಗಂಟೆ, ದಾರಿ ತಪ್ಪುವ ಭಯ ಕಡಿಮೆ. ಪೆನ್-ಅ-ಪಾಸ್‌ನಿಂದ ಹೊರಡುವ ಪಿಗ್ ದಾರಿ ಚಿಕ್ಕದು, ಆದರೆ ಬಂಡೆ ಜಾಸ್ತಿ. ಆ ದಾರಿಯಲ್ಲಿ ಮುಂದಿನವರು ಬಲಕ್ಕೆ ಮೇಲೆ ಹತ್ತಿದರು ಅಂತ ಹಿಂದೆಯೇ ಹೋಗಬೇಡಿ. ಅದು ಕ್ರಿಬ್ ಗಾಕ್. ಕತ್ತಿಯಂಥ ಅಂಚು, ಎರಡೂ ಕಡೆ ಪ್ರಪಾತ, ಹಗ್ಗದ ಅನುಭವ ಇಲ್ಲದವರಿಗೆ ಅಲ್ಲ.

ಶಿಖರವೇ ಬೇಕು ಅನ್ನುವ ಹಟ ಇಲ್ಲದಿದ್ದರೆ ನನ್ನ ಆಯ್ಕೆ ಮೈನರ್ಸ್ ಟ್ರ್ಯಾಕ್. ತಾಮ್ರದ ಗಣಿಗೆ ಮಾಡಿದ ಹಳೆಯ ಗಾಡಿ ದಾರಿ ಇದು. ಲಿನ್ ಲಿಡಾ ಸರೋವರದವರೆಗೆ ಅಗಲವಾಗಿ, ಬಹುಪಾಲು ಮಟ್ಟಸವಾಗಿ ಹೋಗುತ್ತದೆ. ಮಕ್ಕಳು, ಅಜ್ಜಿ ಎಲ್ಲರೂ ನಡೆಯಬಹುದು. ಸುತ್ತ ಕಪ್ಪು ಬಂಡೆ, ನಡುವೆ ನೀರು, ಮುಗಿಲು ಸರಿದಾಗ ತಲೆಯ ಮೇಲೆ ಶಿಖರ. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಎರರಿಯಲ್ಲಿ ಇಲ್ಲ.

ಪೆನ್-ಅ-ಪಾಸ್‌ನ ಕಾರ್ ಪಾರ್ಕಿನಲ್ಲಿ ಸೀಸನ್ ಹೊತ್ತು ಮುಂಗಡ ಬುಕ್ ಮಾಡದೆ ಜಾಗವಿಲ್ಲ. ಬುಕ್ ಮಾಡಲು ಒದ್ದಾಡುವ ಬದಲು ಕೆಳಗಿನ ಊರಿನಿಂದ ಶೆರ್ಪಾ ಬಸ್ಸು ಹತ್ತಿ. ಬೆಟ್ಟದ ಸುತ್ತ ಓಡಾಡುತ್ತಲೇ ಇರುತ್ತವೆ, ಒಂದು ದಾರಿಯಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದರೂ ತೊಂದರೆಯಿಲ್ಲ.

ರೈಲೂ ಇದೆ. 1896ರಿಂದ ಲಾನ್‌ಬೆರಿಸ್‌ನಿಂದ ಶಿಖರಕ್ಕೆ ಹಲ್ಲುಹಳಿಯ ಮೇಲೆ ಹತ್ತುತ್ತದೆ, ಚಳಿಗಾಲದಲ್ಲಿ ಇಲ್ಲ. ಬೇಸಿಗೆಯ ಟಿಕೆಟ್ಟು ವಾರಗಳ ಮೊದಲೇ ಖಾಲಿ. ಗಾಳಿ ಜೋರಿದ್ದರೆ ಶಿಖರದವರೆಗೆ ಬಿಡದೆ ಅರ್ಧದಲ್ಲೇ ನಿಲ್ಲಿಸುತ್ತಾರೆ. ಮೇಲೆ ಅರ್ಧ ಗಂಟೆ ಅಷ್ಟೇ, ಬಂದ ರೈಲಿನಲ್ಲೇ ವಾಪಸ್. ‘ಹತ್ತಿಬಿಡೋಣ, ಸುಸ್ತಾದರೆ ರೈಲಲ್ಲಿ ಇಳಿಯೋಣ’ ಅನ್ನುವ ಉಪಾಯ ನಡೆಯುವುದಿಲ್ಲ.

ಹೊರಡುವ ಮುನ್ನ ಬ್ರಿಟನ್ನಿನ ಹವಾಮಾನ ಇಲಾಖೆ ಮೆಟ್ ಆಫೀಸ್ ಕೊಡುವ ಬೆಟ್ಟದ ಹವಾಮಾನ ನೋಡಿ, ಊರಿನದ್ದಲ್ಲ. ಫೋನಿನಲ್ಲಿ ಓಎಸ್ ಮ್ಯಾಪ್ಸ್ ಅನ್ನುವ ನಕ್ಷೆಯ ಆ್ಯಪ್ ಇಳಿಸಿಕೊಳ್ಳಿ, ಸಿಗ್ನಲ್ ಇರದ ಜಾಗ ಬಹಳ. ನೀರು ಒಳಬರದ ಜಾಕೆಟ್, ಹಿಡಿತ ಇರುವ ಬೂಟು, ಟಾರ್ಚು. ಆಪತ್ತು ಬಂದರೆ 999 ಒತ್ತಿ ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಿ. ಬರುವವರು ಸಂಬಳವಿಲ್ಲದ ಸ್ವಯಂಸೇವಕರು, ನಿಮ್ಮಿಂದಲೂ ದುಡ್ಡು ಕೇಳುವುದಿಲ್ಲ.

ಬೆಟ್ಟ ಹತ್ತಲಾಗದ ದಿನ ಲಾನ್‌ಬೆರಿಸ್‌ನಲ್ಲೇ ಡೋಲ್‌ಬಡಾರ್ನ್ ಕೋಟೆ ನೋಡಿ. ಸರೋವರದ ಮೇಲಿನ ದಿಣ್ಣೆಯಲ್ಲಿ ಒಂಟಿ ದುಂಡು ಬುರುಜು, ಪ್ರವೇಶ ಉಚಿತ. ಇದು ಎಡ್ವರ್ಡ್ ಕಟ್ಟಿದ್ದಲ್ಲ. ವೇಲ್ಸ್‌ನ ಸ್ವಂತ ರಾಜ ‘ಲವೆಲಿನ್ ದಿ ಗ್ರೇಟ್’ 13ನೇ ಶತಮಾನದಲ್ಲಿ ಕಟ್ಟಿಸಿದ್ದು. ಗೆದ್ದವರ ಕೋಟೆಗಳು ಹಡಗು ಬರುವ ಕಡಲ ಅಂಚಿನಲ್ಲಿವೆ, ಸ್ಥಳೀಯ ರಾಜರವು ಕಣಿವೆ ಕಾಯುವ ಗುಡ್ಡಗಳಲ್ಲಿವೆ. ನಾಲ್ಕು ವಿಶ್ವ ಪರಂಪರೆ ಕೋಟೆ ನೋಡಿ ಇದನ್ನು ಬಿಟ್ಟರೆ ಅರ್ಧ ಕಥೆ ಕೇಳಿದ ಹಾಗೆ.

ತಂಗುವುದು ಎಲ್ಲಿ, ತಿನ್ನುವುದು ಏನು

ರೈಲು, ಊರು, ಅಂಗಡಿ ಬೇಕು ಅನ್ನುವವರು ಕಾನ್ವಿಯಲ್ಲಿ ಇರಿ. ನಡೆಯುವುದೇ ಮುಖ್ಯ ಅನ್ನುವವರು ಲಾನ್‌ಬೆರಿಸ್‌ನಲ್ಲಿ. ಬೆಟುಸ್-ಅ-ಕೋಯ್ಡ್ ಚೆಂದದ ಊರು, ಆದರೆ ಎಲ್ಲರೂ ಅಲ್ಲಿಗೇ ಬರುತ್ತಾರೆ.

ಕಡಿಮೆ ದುಡ್ಡಿಗೆ ಯೂತ್ ಹಾಸ್ಟೆಲ್‌ಗಳು. ಹೆಸರು ಯೂತ್ ಆದರೂ ವಯಸ್ಸಿನ ಮಿತಿ ಇಲ್ಲ, ಕುಟುಂಬಕ್ಕೆ ಬೇರೆ ಕೋಣೆಯೂ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅಡುಗೆಮನೆ ಇರುತ್ತದೆ. ಎಂಟಿಆರ್ ಪ್ಯಾಕೆಟ್ ಒಯ್ದವರಿಗೆ ಇದೇ ಸ್ವರ್ಗ. ಪೆನ್-ಅ-ಪಾಸ್‌ನಲ್ಲೇ ಒಂದು ಹಾಸ್ಟೆಲ್ ಇದೆ, ಬಾಗಿಲು ತೆಗೆದರೆ ಬೆಟ್ಟದ ದಾರಿ. ಸ್ವಲ್ಪ ಕೆಳಗೆ ಪೆನ್-ಅ-ಗೂರಿಡ್ ಅನ್ನುವ ಹಳೆಯ ಹೋಟೆಲ್. 1953ರಲ್ಲಿ ಎವರೆಸ್ಟ್ ಗೆದ್ದ ತಂಡ ತಯಾರಿಗೆ ಬಂದು ಇಳಿದಿದ್ದು ಇಲ್ಲಿ. ಅವರ ಸಹಿಗಳು ಇಂದಿಗೂ ಚಾವಣಿಯ ಮೇಲಿವೆ.

ಬಿ ಅಂಡ್ ಬಿ ಅಂದರೆ ಮನೆಯವರೇ ನಡೆಸುವ ಕೋಣೆ, ಬೆಳಗಿನ ತಿಂಡಿ ಸೇರಿ. ಮಧ್ಯಾಹ್ನ ಮೂರು ನಾಲ್ಕರ ಮೊದಲು ಕೋಣೆ ಕೊಡುವುದಿಲ್ಲ, ಬೆಳಿಗ್ಗೆ ಹತ್ತಕ್ಕೆ ಬಿಡಬೇಕು. ತಡವಾಗಿ ಬರುವುದಿದ್ದರೆ ಫೋನ್ ಮಾಡಿ ಹೇಳಿ. ರಿಸೆಪ್ಷನ್ ಅಂತ ಏನೂ ಇರುವುದಿಲ್ಲ, ಆ ಮನೆಯವರು ಮಲಗಬೇಕಲ್ವಾ? ಎರಡು ಕುಟುಂಬ ಸೇರಿ ಹೋಗುವುದಾದರೆ ಕಾಟೇಜ್ ಅಗ್ಗ. ಬೇಸಿಗೆಯಲ್ಲಿ ಅವು ಹೆಚ್ಚಾಗಿ ಒಂದು ವಾರಕ್ಕೇ ಸಿಗುವುದು. ಕೋಟೆಯಲ್ಲೇ ಮಲಗುವ ಆಸೆಯಿದ್ದರೆ ಪೆಂಬ್ರೋಕ್‌ಶೈರ್‌ನ ರೋಚ್ ಕೋಟೆ ಈಗ ಹೋಟೆಲ್, ಜೇಬು ಗಟ್ಟಿ ಇರಬೇಕು. ಕಾರ್ಡಿಗನ್ ಕೋಟೆಯ ಆವರಣದಲ್ಲೂ ಕೋಣೆಗಳಿವೆ. 2027ರ ಏಪ್ರಿಲ್‌ನಿಂದ ಸ್ಥಳೀಯ ಕೌನ್ಸಿಲ್‌ಗಳು ತಂಗುವವರ ಮೇಲೆ ರಾತ್ರಿಗಿಷ್ಟು ಅಂತ ಸಣ್ಣ ತೆರಿಗೆ ಹಾಕಲು ಕಾನೂನು ಅವಕಾಶ ಕೊಟ್ಟಿದೆ, ಬಿಲ್ಲಿನಲ್ಲಿ ಕಂಡರೆ ಗಾಬರಿ ಬೇಡ.

ಸಸ್ಯಾಹಾರಿಗಳಿಗೆ ವೇಲ್ಸ್ ಕಷ್ಟವಲ್ಲ, ಆದರೆ ಬಾಯಿ ಬಿಟ್ಟು ಕೇಳಬೇಕು. ಗ್ಲಾಮಾರ್ಗನ್ ಸಾಸೇಜ್ ಅನ್ನುವುದು ಹೆಸರಿಗೆ ಸಾಸೇಜ್, ಒಳಗಿರುವುದು ಚೀಸ್, ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪು, ಬ್ರೆಡ್ ಪುಡಿ. ವೆಲ್ಷ್ ರೇರ್‌ಬಿಟ್ ಅಂದರೆ ಬ್ರೆಡ್ಡಿನ ಮೇಲೆ ಖಾರದ ಚೀಸ್. ಅದಕ್ಕೆ ಹಾಕುವ ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. ಕಾವಲಿ ಮೇಲೆ ಬೇಯಿಸುವ ವೆಲ್ಷ್ ಕೇಕಿಗೆ ಹಳೆಯ ಪದ್ಧತಿಯಲ್ಲಿ ಹಂದಿ ಕೊಬ್ಬು ಬೀಳುತ್ತದೆ. ಬೆಣ್ಣೆಯಲ್ಲೇ ಮಾಡುವವರೂ ಇದ್ದಾರೆ, ಕೇಳಿ ತಿನ್ನಿ. ಚಹಾದ ಜೊತೆ ಬಾರಾ ಬ್ರೀತ್ ಅನ್ನುವ ಒಣದ್ರಾಕ್ಷಿ ಬ್ರೆಡ್ಡು ಬಹಳ ರುಚಿ. ಹಳ್ಳಿಯ ಪಬ್ಬುಗಳಲ್ಲಿ ರಾತ್ರಿ ಎಂಟೂವರೆಗೆಲ್ಲ ಅಡುಗೆಮನೆ ಮುಚ್ಚಬಹುದು. ನಮ್ಮ ಊಟದ ಹೊತ್ತಿಗೆ ಹೋದರೆ ಚಿಪ್ಸ್ ಪ್ಯಾಕೆಟ್ಟೇ ಗತಿ.

ಹಾರ್ಲೆಕ್ ಮೇಲೆ ವೆಲ್ಷ್‌ಪೂಲ್‌ಗೆ

ಕಾರ್ನಾರ್ವನ್‌ನಿಂದ ಪೋರ್ತ್‌ಮಾಡೊಗ್‌ಗೆ ವೆಲ್ಷ್ ಹೈಲ್ಯಾಂಡ್ ರೈಲ್ವೆಯ ಪುಟ್ಟ ಉಗಿ ರೈಲು ಉದ್ಯಾನದ ನಡುವೆ ಹಾದುಹೋಗುತ್ತದೆ, 40 ಕಿಲೋಮೀಟರ್. ಎಲ್ಲ ದಿನವೂ ಇಲ್ಲ, ವೇಳಾಪಟ್ಟಿ ನೋಡಿಯೇ ಪ್ಲಾನ್ ಮಾಡಿ. ದೊಡ್ಡ ಸೂಟ್‌ಕೇಸ್ ಇದ್ದರೆ ಮೊದಲೇ ಕೇಳಿ. ಪೋರ್ತ್‌ಮಾಡೊಗ್‌ನಿಂದ ಮುಂದೆ ಮಾಮೂಲಿ ರೈಲು, ಕಡಲ ಪಕ್ಕದಲ್ಲೇ. ಸುಮಾರು ಎರಡು ಗಂಟೆಗೊಂದು. ತಪ್ಪಿದರೆ ಕಾಯಬೇಕು.

ಹಾರ್ಲೆಕ್ ನಿಲ್ದಾಣದಿಂದ ತಲೆ ಎತ್ತಿದರೆ ಕೋಟೆ. ಕಟ್ಟಿದಾಗ ಬಂಡೆಯ ಬುಡದವರೆಗೆ ಸಮುದ್ರ ಇತ್ತು, ಹಡಗು ಅಲ್ಲಿಗೇ ಬರುತ್ತಿತ್ತು. ಈಗ ಸಮುದ್ರ ದೂರ ಸರಿದು ನಡುವೆ ಮರಳು ದಿಬ್ಬಗಳಿವೆ. ಇಂಗ್ಲಿಷರ ವಿರುದ್ಧ ದಂಗೆ ಎದ್ದ ಓವೈನ್ ಗ್ಲಿಂಡೂರ್ 1404ರಲ್ಲಿ ಇದನ್ನು ಹಿಡಿದು, 1409ರವರೆಗೆ ಇಲ್ಲಿಂದಲೇ ಆಳಿದ. ಊರು ಇರುವುದು ಮೇಲೆ. ಹತ್ತುವ ಒಂದು ಬೀದಿ ಎಷ್ಟು ಕಡಿದು ಅಂದರೆ, 2019ರಲ್ಲಿ ಜಗತ್ತಿನ ಅತಿ ಕಡಿದಾದ ಬೀದಿ ಅಂತ ದಾಖಲೆ ಪಡೆದು ಮರುವರ್ಷ ಕಳೆದುಕೊಂಡಿತು. ಚಕ್ರದ ಸೂಟ್‌ಕೇಸ್ ಎಳೆಯುವವರು ಟ್ಯಾಕ್ಸಿ ಹೇಳಿಟ್ಟುಕೊಳ್ಳಿ.

ಹಾರ್ಲೆಕ್‌ನಿಂದ ಮುಂದಿನ ರೈಲಿನಲ್ಲಿ ಬಲಗಡೆಯ ಕಿಟಕಿ ಹಿಡಿಯಿರಿ. ಬಾರ್ಮತ್‌ನಲ್ಲಿ ನದಿ ಸಮುದ್ರ ಸೇರುವ ಬಾಯಿಯ ಮೇಲೆ ಮರದ ಸೇತುವೆ ದಾಟುತ್ತದೆ. ಮಖನ್‌ಲೆತ್ ಮೂಲಕ ವೆಲ್ಷ್‌ಪೂಲ್‌ಗೆ ಎರಡು ಗಂಟೆ ಚಿಲ್ಲರೆ.

ವೆಲ್ಷ್‌ಪೂಲ್‌ನಲ್ಲಿ ಯಾಕೆ ಇಳಿಯಬೇಕು? ಪೋವಿಸ್ ಕೋಟೆಗೆ. ನಿಲ್ದಾಣದಿಂದ ನಡೆದೇ ಹೋಗಬಹುದು. ಕೆಂಪು ಕಲ್ಲಿನ ಕೋಟೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಬೇರೆ ಪ್ರವಾಸಿಗರು ತೋಟಕ್ಕೆ ಬರುತ್ತಾರೆ. ಕನ್ನಡಿಗರು ಒಳಗಿನ ಕ್ಲೈವ್ ಮ್ಯೂಸಿಯಂಗೆ ಹೋಗಬೇಕು. ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಈ ಕೋಟೆಯ ಮನೆತನದ ಹೆನ್ರಿಯೆಟಾಳನ್ನು 1784ರಲ್ಲಿ ಮದುವೆಯಾದ, 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದದ್ದು ಇವನ ಕಾಲದಲ್ಲೇ. ಟಿಪ್ಪುವಿನ ಸಿಂಹಾಸನದಿಂದ ಕಿತ್ತ, ಹರಳು ಕೂರಿಸಿದ ಬಂಗಾರದ ಹುಲಿತಲೆ ಇಲ್ಲಿದೆ. ಟಿಪ್ಪುವಿನ ಹೂಬಳ್ಳಿ ಚಿತ್ರದ ಡೇರೆಯೂ ಈ ಮನೆತನಕ್ಕೆ ಬಂತು. ಇವರು ಅದನ್ನು ತೋಟದ ಪಾರ್ಟಿಗಳಿಗೆ ಚಪ್ಪರವಾಗಿ ಬಳಸುತ್ತಿದ್ದರು! ಹೆನ್ರಿಯೆಟಾ 1800ರಲ್ಲಿ ಇಬ್ಬರು ಹೆಣ್ಣುಮಕ್ಕಳ ಜೊತೆ ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣದವರೆಗೆ ಬಂದು ಹೋಗಿದ್ದಳು.

ದರಿಯಾ ದೌಲತ್‌ನ ಖಾಲಿ ಪಡಸಾಲೆಗಳಲ್ಲಿ ಓಡಾಡಿದವರಿಗೆ ಇಲ್ಲಿ ಕಾಲು ನಿಲ್ಲುತ್ತದೆ. ಹುಲಿತಲೆ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಆದರೆ ಬಾಯಿ ತೆರೆದು ಹಲ್ಲು ತೋರಿಸುತ್ತಿದೆ. ಟಿಪ್ಪು ಬಗ್ಗೆ ನಮ್ಮ ನಮ್ಮಲ್ಲಿ ಏನೇ ಜಗಳ ಇರಲಿ, ಲೂಟಿಯ ಮಾಲು ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಲು ಇದು ಸರಿಯಾದ ಜಾಗ. ಕೋಟೆಯ ಒಳಭಾಗ, ಮ್ಯೂಸಿಯಂ, ತೋಟ ಮೂರಕ್ಕೂ ಸಮಯ ಬೇರೆ ಬೇರೆ ಇರಬಹುದು. ಅವತ್ತು ಮ್ಯೂಸಿಯಂ ತೆರೆದಿದೆಯಾ, ನಿಮಗೆ ಬೇಕಾದ ವಸ್ತು ಹೊರಗಿಟ್ಟಿದ್ದಾರಾ ಅಂತ ಕೇಳಿಕೊಂಡೇ ಹೋಗಿ.

ದಕ್ಷಿಣ, ಪಶ್ಚಿಮ

ಶ್ರೂಸ್‌ಬರಿಯಲ್ಲಿ ರೈಲು ಬದಲಿಸಿ ಅಬರ್ಗವೆನಿಗೆ ಬಂದರೆ ಬ್ರೆಕನ್ ಬೀಕನ್ಸ್ ಬಾಗಿಲಿಗೆ ಬಂದಂತೆ. ಎರರಿಯ ಬಂಡೆ ಇಲ್ಲಿಲ್ಲ. ಉದ್ದುದ್ದ ಹುಲ್ಲುಗಾವಲಿನ ಏಣುಗಳು, ಕುದುರೆಮುಖದ ಶೋಲೆ ಇಲ್ಲದ ಬೆಟ್ಟಗಳಂತೆ. ಅತಿ ಎತ್ತರದ ಪೆನ್ ಅ ವಾನ್ 886 ಮೀಟರ್. ಕಾರ್ಡಿಫ್‌ನಿಂದ ಬ್ರೆಕನ್‌ಗೆ ಹೋಗುವ ಟಿ4 ಬಸ್ಸು ದಾರಿಯ ಬುಡದಲ್ಲೇ ಸ್ಟೋರಿ ಆರ್ಮ್ಸ್‌ನಲ್ಲಿ ಇಳಿಸುತ್ತದೆ. ವಾರಾಂತ್ಯದಲ್ಲಿ ಜಾತ್ರೆ, ಮಂಗಳವಾರ ಬುಧವಾರ ಹೋಗಿ. ಸ್ಗೂಡ್ ಅರ್ ಐರಾ ಅನ್ನುವ ಜಲಪಾತದಲ್ಲಿ ನೀರಿನ ಪರದೆಯ ಹಿಂದಿನಿಂದ ನಡೆದು ಹೋಗಬಹುದು. ಇಡೀ ಉದ್ಯಾನ 2013ರಿಂದ ಕತ್ತಲಾಕಾಶದ ಮೀಸಲು ಪ್ರದೇಶ, ಅಂದರೆ ನಕ್ಷತ್ರ ಕಾಣಲೆಂದು ದೀಪದ ಬೆಳಕನ್ನು ಮಿತಿಯಲ್ಲಿಟ್ಟ ಜಾಗ. ಮೋಡವಿಲ್ಲದ ರಾತ್ರಿ ಸಿಕ್ಕರೆ ಹೊರಗೆ ಬನ್ನಿ.

ಪೆಂಬ್ರೋಕ್‌ಶೈರ್‌ಗೆ ಕಾರಿದ್ದರೆ ಸಲೀಸು. ಸೇಂಟ್ ಡೇವಿಡ್ಸ್ ಬ್ರಿಟನ್ನಿನ ಅತಿ ಪುಟ್ಟ ನಗರ, ತಂಗಲು ಅದೇ ಚೆನ್ನ. ಅಲ್ಲಿಂದ ಸುಮಾರು 300 ಕಿಲೋಮೀಟರಿನ ಕರಾವಳಿ ದಾರಿಯ ಒಂದು ತುಣುಕು ನಡೆಯಿರಿ, ಕರಾವಳಿ ಬಸ್ಸಿನಲ್ಲಿ ವಾಪಸ್ ಬನ್ನಿ. ಸ್ಕೋಮರ್ ದ್ವೀಪದ ಪಫಿನ್ ಹಕ್ಕಿ ನೋಡಬೇಕಿದ್ದರೆ ಏಪ್ರಿಲ್‌ನಿಂದ ಜುಲೈವರೆಗೆ ಮಾತ್ರ. ಆಗಸ್ಟ್‌ಗೆ ಅವು ಕಡಲಿಗೆ ಹೋಗಿಬಿಟ್ಟಿರುತ್ತವೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ದೋಣಿ ಮೊದಲೇ ಬುಕ್ ಮಾಡಿ.

ಕೊನೆಯ ದಿನ ಕಾರ್ಡಿಫ್. ಊರೊಳಗಿನ ಕೋಟೆಗಿಂತ ನನಗೆ ಪಕ್ಕದ ಕೈರ್‌ಫಿಲಿ ಹೆಚ್ಚು ಇಷ್ಟ. ರೈಲಿನಲ್ಲಿ ಇಪ್ಪತ್ತು ನಿಮಿಷ. 1268ರಲ್ಲಿ ಶುರುವಾದ, ವೇಲ್ಸ್‌ನ ಅತಿ ದೊಡ್ಡ ಕೋಟೆ, ಸುತ್ತ ಕೆರೆಯಷ್ಟು ನೀರು. ಒಂದು ಬುರುಜು ಸುಮಾರು ಹತ್ತು ಡಿಗ್ರಿ ವಾಲಿ ನಿಂತಿದೆ, ಪೀಸಾದ ಗೋಪುರಕ್ಕಿಂತ ಜಾಸ್ತಿ. ಕಾರ್ಡಿಫ್‌ನಿಂದ ಪ್ಯಾಡಿಂಗ್ಟನ್‌ಗೆ ಎರಡು ಗಂಟೆಯೊಳಗೆ ತಲುಪಬಹುದು. ಆದರೆ ಕಾರ್ಡಿಫ್‌ನ ರೂಮು ಬುಕ್ ಮಾಡುವ ಮುನ್ನ ಪ್ರಿನ್ಸಿಪಾಲಿಟಿ ಸ್ಟೇಡಿಯಂನ ಕ್ಯಾಲೆಂಡರ್ ನೋಡಿ. ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಹಿಡಿಸುವ ಮೈದಾನ ಊರ ನಡುವೆಯೇ ಇದೆ. ರಗ್ಬಿ ಪಂದ್ಯದ ದಿನ ರೂಮಿನ ಬೆಲೆ ಎರಡು ಮೂರು ಪಟ್ಟಾಗಬಹುದು, ರೈಲಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಅಂಥ ದಿನ ಬಿದ್ದರೆ ಅಬರ್ಗವೆನಿಯಲ್ಲೇ ಇನ್ನೊಂದು ರಾತ್ರಿ ಇದ್ದುಬಿಡಿ.